ಶುಗರ್ ಗ್ಲೈಡರ್ ಮೈ ಬೋಳಾಗುತ್ತಿದೆಯೇ? ಮಲೆನಾಡಿನಲ್ಲಿ ಸಾಕುವವರಿಗೆ ಹಂತ ಹಂತದ ಮಾರ್ಗದರ್ಶಿ

ಗ್ಲೈಡರ್ ಮೈಮೇಲೆ ಬೋಳು ಕಂಡರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಹೊರಗೆ ಬರುವುದು ಕೊಬ್ಬರಿ ಎಣ್ಣೆ ಬಟ್ಟಲು. ಅದಕ್ಕೊಂದು ಚಿಟಿಕೆ ಅರಿಶಿನ. ದನಕ್ಕೆ, ನಾಯಿಗೆ ಹಚ್ಚಿ ರೂಢಿಯಾದ ಕೈ ಇದಕ್ಕೂ ಹಚ್ಚುತ್ತದೆ. ಆದರೆ ನೂರು, ನೂರಿಪ್ಪತ್ತು ಗ್ರಾಂ ತೂಗುವ ಈ ಪ್ರಾಣಿ ಹಚ್ಚಿದ್ದನ್ನೆಲ್ಲ ಸ್ವಲ್ಪ ಹೊತ್ತಿಗೇ ನೆಕ್ಕಿ ಮುಗಿಸುತ್ತದೆ. ಎಣ್ಣೆ ಹೊಟ್ಟೆಗೆ ಹೋಯಿತು, ಅದೇ ಜಾಗ ನೆಕ್ಕಲು ಇನ್ನೊಂದು ನೆಪವೂ ಸಿಕ್ಕಿತು. ಹಾಗಾಗಿ ಇಲ್ಲಿ ಔಷಧಿಯ ಮಾತಿಗಿಂತ ನೋಡುವ ಮಾತೇ ಹೆಚ್ಚು. ಕೂದಲು ಎಲ್ಲಿ ಹೋಗಿದೆ, ಯಾರು ಕೀಳುತ್ತಿದ್ದಾರೆ, ಯಾವ ಹೊತ್ತಿನಲ್ಲಿ? ಇಷ್ಟು ಗೊತ್ತಾಗುವವರೆಗೆ ಏನನ್ನೂ ಹಚ್ಚಬೇಡಿ.

ಶುಗರ್ ಗ್ಲೈಡರ್ ಅಳಿಲಿನ ಜಾತಿಯಲ್ಲ. ಕಾಂಗರೂವಿನಂತೆ ಹೊಟ್ಟೆಚೀಲದ ಪ್ರಾಣಿ, ಆಸ್ಟ್ರೇಲಿಯಾ ಮತ್ತು ನ್ಯೂಗಿನಿ ಕಡೆಯದು. ನಮ್ಮ ಕಾಡಿನ ಹಾರುಬೆಕ್ಕು ನಿಜವಾದ ಅಳಿಲು, ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದು. ಮರ ಉರುಳಿದಾಗ ಸಿಕ್ಕಿದ ಹಾರುಬೆಕ್ಕಿನ ಮರಿಯನ್ನು ‘ಇದೂ ಗ್ಲೈಡರ್ ಥರಾನೇ’ ಎಂದು ಸಾಕಲು ಹೊರಟವರಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ. ಮುಂದಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಹಂತ 1: ಇದು ಕಾಯಿಲೆಯೋ, ಸಹಜವೋ

ಗಾಬರಿಯಿಂದ ಫೋಟೊ ಕಳಿಸುವವರಲ್ಲಿ ಎಷ್ಟೋ ಜನರದು ಗಂಡು ಗ್ಲೈಡರ್‌ನ ನೆತ್ತಿಯ ಫೋಟೊ. ವರ್ಷ ತುಂಬುವ ಆಸುಪಾಸಿನಲ್ಲಿ ಗಂಡಿನ ತಲೆಯ ಮೇಲೆ ವಜ್ರದ ಆಕಾರದ ಬೋಳು ಮೂಡುತ್ತದೆ. ಅದು ವಾಸನೆ ಗ್ರಂಥಿಯ ಜಾಗ. ಎದೆಯ ಮೇಲೂ ಅಂಥದ್ದೇ ಇನ್ನೊಂದು ಗ್ರಂಥಿ ಇದ್ದು, ಅಲ್ಲಿ ತುಪ್ಪಳ ತೆಳುವಾಗಿ ಹಳದಿ ಕಲೆ ಕಾಣುತ್ತದೆ. ಎರಡೂ ಆರೋಗ್ಯದ ಲಕ್ಷಣ. ಬೀಜ ತೆಗೆಸಿದ ಗಂಡಿಗೆ ನೆತ್ತಿಯ ಕೂದಲು ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ. ಹೆಣ್ಣಿನ ನೆತ್ತಿಯಲ್ಲಿ ಇಂಥ ಬೋಳು ಕಂಡರೆ ಮಾತ್ರ ವಿಚಾರಿಸಬೇಕಾದ್ದೇ: ಒಂದೋ ಜೊತೆಯ ಗಂಡು ತನ್ನ ತಲೆಯನ್ನು ಅದಕ್ಕೆ ಉಜ್ಜಿ ಉಜ್ಜಿ ಹೋಗಿದೆ, ಇಲ್ಲವೇ ಮಾರಿದವರು ಹೆಣ್ಣೆಂದು ಗಂಡನ್ನೇ ಕೊಟ್ಟಿದ್ದಾರೆ. ಹೊಟ್ಟೆಯ ನಡುವೆ ಚೀಲದ ಸೀಳು ಇದೆಯೋ, ಜೋತುಬಿದ್ದ ಬೀಜದ ಉಂಡೆ ಇದೆಯೋ ನೋಡಿದರೆ ಗೊತ್ತಾಗುತ್ತದೆ.

ಮರಿ ಹಾಕಿದ ತಾಯಿಯ ಭುಜ, ಬೆನ್ನಿನ ಕೂದಲೂ ತೆಳುವಾಗುತ್ತದೆ. ಮರಿಗಳು ಸುಮಾರು ಎರಡು ತಿಂಗಳು ಚೀಲದಲ್ಲಿದ್ದು, ಹೊರಬಂದ ಮೇಲೆ ಬೆನ್ನು ಹಿಡಿದುಕೊಂಡೇ ತಿರುಗುತ್ತವೆ. ತಂದೆಯೂ ಹೊರುವುದರಿಂದ ಅವನ ಬೆನ್ನೂ ಹಾಗಾಗಬಹುದು. ಮರಿ ಬಿಟ್ಟ ಮೇಲೆ ತಾನೇ ಸರಿಹೋಗುತ್ತದೆ.

ಹಂತ 2: ಕಾಯಬಾರದ ಸ್ಥಿತಿ

ಕೆಳಗಿನವುಗಳಲ್ಲಿ ಒಂದಿದ್ದರೂ ಓದುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ.

- ಬಾಲ, ಕಾಲು, ಚೀಲ ಅಥವಾ ಜನನಾಂಗವನ್ನು ರಕ್ತ ಬರುವಂತೆ ಕಚ್ಚಿಕೊಳ್ಳುತ್ತಿದೆ.
- ಗಂಡಿನ ಜನನಾಂಗ ಹೊರಬಂದು ಒಳಗೆ ಹೋಗದೆ ಊದಿದೆ ಅಥವಾ ಒಣಗಿದೆ.
- ಮೂತ್ರ ಮಾಡುವಾಗ ಕಿರುಚುತ್ತದೆ, ಹನಿ ಹನಿಯಾಗಿ ಹೋಗುತ್ತದೆ, ಅಥವಾ ಹೋಗುತ್ತಲೇ ಇಲ್ಲ.
- ಹಿಂಗಾಲು ಎಳೆಯುತ್ತಿದೆ, ಹಿಡಿತ ಸಡಿಲಾಗಿದೆ.
- ರಾತ್ರಿಯಾದರೂ ಎದ್ದು ತಿನ್ನುತ್ತಿಲ್ಲ, ಮೈ ತಣ್ಣಗಿದೆ.

ತನ್ನ ಮೈಯನ್ನೇ ಕಚ್ಚಿಕೊಳ್ಳುವುದು ಈ ಪ್ರಾಣಿಯಲ್ಲಿ ಬಹಳ ಬೇಗ ಕೈಮೀರುತ್ತದೆ. ಸಂಜೆ ಬಾಲದ ತುದಿಯಲ್ಲಿ ಕಂಡ ಸಣ್ಣ ಗಾಯ ಬೆಳಗಾಗುವಷ್ಟರಲ್ಲಿ ಮೂಳೆ ಕಾಣುವ ಮಟ್ಟಕ್ಕೆ ಹೋಗಬಹುದು. ಗಾಯವನ್ನು ಸಲೈನ್‌ನಿಂದ ತೊಳೆದು, ಬಟ್ಟೆಚೀಲದಲ್ಲಿ ಹಾಕಿ ಮೈಗೆ ಒತ್ತಿ ಹಿಡಿದುಕೊಂಡು ಎಚ್ಚರವಾಗಿರಿ. ಜನನಾಂಗ ಹೊರಬಂದಿದ್ದರೆ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒದ್ದೆಯಾಗಿಯೇ ಇಡಿ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಪುಡಿಮಾಡಿ ‘ಒಂಚೂರು’ ಕೊಡುವ ಕೆಲಸ ಬೇಡ. ನೂರು ಗ್ರಾಂ ಪ್ರಾಣಿಗೆ ಒಂಚೂರು ಎಂದರೆ ಎಷ್ಟು ಎಂದು ಅಂದಾಜಿನಲ್ಲಿ ಹೇಳಲಾಗದು. ಕುತ್ತಿಗೆಗೆ ಕಾಲರ್ ಹಾಕಬೇಕಾದರೆ ವೈದ್ಯರೇ ಅಳತೆ ನೋಡಿ ಹಾಕಲಿ. ಸಡಿಲವಾದರೆ ಮುಂಗಾಲು ಸಿಕ್ಕಿಕೊಳ್ಳುತ್ತದೆ, ಬಿಗಿಯಾದರೆ ಉಸಿರು ಕಟ್ಟುತ್ತದೆ.

ಹಂತ 3: ಬೋಳಿನ ಜಾಗ ಓದಿ

ಹಗಲು ನಿದ್ದೆಗಣ್ಣಿನಲ್ಲಿರುವಾಗ ಮಲಗುವ ಬಟ್ಟೆಚೀಲದಿಂದ ಮೆಲ್ಲಗೆ ತೆಗೆದು, ಕಿಟಕಿಯ ಬೆಳಕಿನಲ್ಲಿ ಮೈಯೆಲ್ಲ ನೋಡಿ ಫೋಟೊ ತೆಗೆಯಿರಿ. ಪ್ರತಿ ಸಲ ಅದೇ ಬೆಳಕು, ಅದೇ ಕೋನ ಇರಲಿ. ಇಲ್ಲವಾದರೆ ಹೋದ ವಾರಕ್ಕಿಂತ ಹೆಚ್ಚಾಗಿದೆಯೋ ಇಲ್ಲವೋ ಎಂದು ಮನೆಯವರ ನಡುವೆ ಜಗಳವೇ ಆಗುತ್ತದೆ.

ಬಾಲದ ಬುಡ ಮತ್ತು ಹಿಂಭಾಗ ಬೋಳಾಗಿದ್ದರೆ ನನ್ನ ಮೊದಲ ಅನುಮಾನ ನೋವಿನ ಮೇಲೆ. ಇವಕ್ಕೆ ಮಲಕ್ಕೂ ಮೂತ್ರಕ್ಕೂ ಒಂದೇ ದ್ವಾರ. ಅದರ ಪಕ್ಕದಲ್ಲೇ ವಾಸನೆ ಗ್ರಂಥಿಗಳಿವೆ. ಅವು ಕಟ್ಟಿಕೊಂಡರೂ, ಸೋಂಕಾದರೂ, ಮೂತ್ರದ ಸೋಂಕಾದರೂ, ಬೇಧಿಯಾಗಿ ಚರ್ಮ ಕೆಂಪಾದರೂ ಪ್ರಾಣಿ ಅದೇ ಜಾಗ ನೆಕ್ಕುತ್ತಾ ಕೂರುತ್ತದೆ. ಹೊರಗಿನವರಿಗೆ ಅದು ಬರೀ ‘ಚಟ’ದಂತೆ ಕಾಣುತ್ತದೆ. ಇದಕ್ಕೆ ಮನೆಮದ್ದಿಲ್ಲ.

ಕುತ್ತಿಗೆ, ಭುಜ, ಕಿವಿಯ ಹಿಂದೆ ಕೂದಲು ಹೋಗಿದ್ದರೆ ತನ್ನ ಹಲ್ಲು ಅಲ್ಲಿಗೆ ತಲುಪದು. ಹಾಗಾದರೆ ಜೊತೆಗಾರ ಕೀಳುತ್ತಿದ್ದಾನೆ, ಇಲ್ಲವೇ ಹಿಂಗಾಲಿನಿಂದ ಕೆರೆದುಕೊಳ್ಳುತ್ತಿದೆ. ಮುಂಗೈ, ಹೊಟ್ಟೆಯ ಪಕ್ಕ, ಹಾರುವ ಪೊರೆಯ ಅಂಚು, ಬಾಲದ ಉದ್ದಕ್ಕೆ ತೇಪೆ ತೇಪೆಯಾಗಿ ಹೋಗಿದ್ದರೆ ತಾನೇ ಕೀಳುತ್ತಿರುವ ಸಾಧ್ಯತೆ ಹೆಚ್ಚು. ಮೂಗಿನ ಮೇಲ್ಭಾಗ ಮಾತ್ರ ಸವೆದಿದ್ದರೆ ಕೇಜಿನ ಕಂಬಿ ನೋಡಿ, ಹೊರಗೆ ಬರಲು ರಾತ್ರಿಯೆಲ್ಲ ತಳ್ಳುತ್ತಿದೆ. ದುಂಡಗೆ, ಅಂಚಿನಲ್ಲಿ ಹೊಟ್ಟೆದ್ದ ಕಲೆಯಾದರೆ ಹುಳುಕಡ್ಡಿ ಇರಬಹುದು. ಇದು ಮನುಷ್ಯರಿಗೂ ಅಂಟುವುದರಿಂದ ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯೇ ಕೇಳಿ. ನುಸಿಯ ಕಜ್ಜಿಯೂ ಬರಬಹುದು. ಒಳಗೇ ಸಾಕಿದ ಗ್ಲೈಡರ್‌ಗಳಲ್ಲಿ ಎರಡೂ ಅಪರೂಪ, ಆದರೆ ಜನ ಮೊದಲು ಔಷಧಿ ಮಾಡುವುದು ಇವಕ್ಕೇ. ಇಡೀ ಮೈಯ ತುಪ್ಪಳ ತೆಳುವಾಗಿ, ಹೊಳಪು ಹೋಗಿ, ಎಣ್ಣೆ ಜಿಡ್ಡಾಗಿದ್ದರೆ ತಟ್ಟೆಯಲ್ಲಿರುವ ಆಹಾರ ನೋಡಿ.

ಭೂತಗನ್ನಡಿ ಇದ್ದರೆ ಬೋಳಿನ ಅಂಚಿನ ಕೂದಲು ನೋಡಿ. ತುದಿ ಮುರಿದು ಮೊಂಡಾಗಿದ್ದರೆ ಯಾರೋ ಕಚ್ಚಿದ್ದಾರೆ. ಚೂಪು ತುದಿಯ ಪೂರ್ತಿ ಕೂದಲು ಬುಡದಿಂದಲೇ ಬರುತ್ತಿದ್ದರೆ ಕೂದಲು ತಾನಾಗಿ ಉದುರುತ್ತಿದೆ. ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದಡಿ ನೋಡುವುದೂ ಇದನ್ನೇ.

ಹಂತ 4: ರಾತ್ರಿ ಕಾವಲು

ಇವು ಇರುಳಿನ ಪ್ರಾಣಿಗಳು. ಹಗಲು ನೀವು ನೋಡುವುದು ಮಲಗಿದ ಉಂಡೆಯನ್ನು ಮಾತ್ರ. ಹಳೆಯ ಮೊಬೈಲನ್ನು ಕೇಜಿನ ಎದುರು ನಿಲ್ಲಿಸಿ, ಮಂದ ಕೆಂಪು ಬಲ್ಬ್ ಹಾಕಿ, ರಾತ್ರಿ ಎಂಟರಿಂದ ಬೆಳಗಿನ ಜಾವದವರೆಗೆ ವಿಡಿಯೊ ಮಾಡಿ. ಒಂದೇ ರಾತ್ರಿ ಸಾಲದು. ಕರೆಂಟು ಹೋದ ರಾತ್ರಿ, ಜೋರು ಮಳೆಯ ರಾತ್ರಿ, ಮನೆಗೆ ನೆಂಟರು ಬಂದ ರಾತ್ರಿ ಒಂದೊಂದೂ ಬೇರೆ ಬೇರೆ ಕಥೆ ಹೇಳುತ್ತವೆ.

ಸಹಜವಾದ ಮೈ ತಿಕ್ಕುವಿಕೆ ಹೇಗಿರುತ್ತದೆಂದು ಮೊದಲು ತಿಳಿದಿರಲಿ. ಗ್ಲೈಡರ್ ಸೀನಿದಂತೆ ಸದ್ದು ಮಾಡಿ ಅಂಗೈಗೆ ಉಗುಳಿಕೊಂಡು ಮುಖ ತೊಳೆಯುತ್ತದೆ. ಹೊಸಬರು ಇದನ್ನು ನೆಗಡಿ ಎಂದುಕೊಳ್ಳುತ್ತಾರೆ. ಹಿಂಗಾಲಿನ ಎರಡನೆಯ ಮತ್ತು ಮೂರನೆಯ ಬೆರಳು ಒಂದಕ್ಕೊಂದು ಕೂಡಿಕೊಂಡಿವೆ, ಅದೇ ಅದರ ಬಾಚಣಿಗೆ. ಹೀಗೆ ಮೈಯೆಲ್ಲ ಬಾಚಿ ಮುಗಿಸಿ ಆಟಕ್ಕೆ, ಊಟಕ್ಕೆ ಹೋದರೆ ಚಿಂತೆಯಿಲ್ಲ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಮರಳುವುದು, ಊಟ ಬಿಟ್ಟು ನೆಕ್ಕುವುದು, ಕೇಜಿನ ಮೂಲೆಯಲ್ಲಿ ಒಂದೇ ಸಮನೆ ಪಲ್ಟಿ ಹೊಡೆಯುವುದು, ಬಾಲವನ್ನು ಬಾಯಿಗೆ ಎಳೆದುಕೊಂಡು ಹಲ್ಲಾಡಿಸುವುದು ಸಹಜವಲ್ಲ. ಆ ತುಣುಕನ್ನು ಅಳಿಸಬೇಡಿ, ವೈದ್ಯರಿಗೆ ಬೇಕಾಗುತ್ತದೆ.

ಇದರ ಜೊತೆಗೆ ಗ್ರಾಂ ತೋರಿಸುವ ಅಡುಗೆ ತಕ್ಕಡಿ ಇಟ್ಟುಕೊಂಡು, ವಾರಕ್ಕೆರಡು ಸಲ ಅದೇ ಹೊತ್ತಿಗೆ ತೂಕ ಬರೆದಿಡಿ. ಹತ್ತನೇ ಒಂದು ಭಾಗ ತೂಕ ಇಳಿದರೆ, ಅಂದರೆ 110 ಗ್ರಾಂ ಇದ್ದದ್ದು 99ಕ್ಕೆ ಬಂದರೆ, ಕೂದಲಿನ ಮಾತು ಬದಿಗಿಟ್ಟು ತಪಾಸಣೆ ಮಾಡಿಸಿ.

ಹಂತ 5: ಮಳೆಗಾಲ, ಚಳಿ, ಹೊಗೆ

ಆಸ್ಟ್ರೇಲಿಯಾ, ಅಮೆರಿಕದವರು ಬರೆದ ಸಲಹೆಗಳಲ್ಲಿ ಈ ಭಾಗ ಇರುವುದಿಲ್ಲ. ಅವರಿಗೆ ಜೂನ್ ತಿಂಗಳ ತೀರ್ಥಹಳ್ಳಿಯಲ್ಲಿ ಬಟ್ಟೆ ಒಣಗಿಸಿ ಗೊತ್ತಿಲ್ಲ.

ಗ್ಲೈಡರ್ ಮಲಗುವುದು ಬಟ್ಟೆಚೀಲದಲ್ಲಿ. ಆ ಚೀಲ ಅರೆಒದ್ದೆ ಇದ್ದರೆ ಬೂಸಲು, ಮೂತ್ರದ ವಾಸನೆ, ಚರ್ಮದ ಕಿರಿಕಿರಿ ಒಟ್ಟಿಗೇ ಬರುತ್ತವೆ. ಮಳೆಗಾಲಕ್ಕೆ ನಾಲ್ಕೈದು ಜೊತೆಯಾದರೂ ಚೀಲ ಇರಲಿ. ಎಳೆ ಬಿಡದ ಫ್ಲೀಸ್ ಬಟ್ಟೆ ಒಳ್ಳೆಯದು. ಟವೆಲಿನ ನೂಲಿನ ಕುಣಿಕೆಗೆ ಉಗುರು, ಬೆರಳು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ, ಆ ಕಾಲನ್ನೇ ಪ್ರಾಣಿ ಕಚ್ಚತೊಡಗುತ್ತದೆ. ಬಚ್ಚಲೊಲೆಯ ಮೇಲೆ ಒಣಗಿಸಿದ ಬಟ್ಟೆಗೆ ಹೊಗೆ ಹಿಡಿದಿರುತ್ತದೆ, ಅದನ್ನು ಇವಕ್ಕೆ ಹಾಕಬೇಡಿ. ಫ್ಯಾನಿನ ಗಾಳಿಗೆ ಒಣಗಿಸಿ ಕೊನೆಗೆ ಇಸ್ತ್ರಿ ಆಡಿಸಿದರೆ ಸಾಕು. ಸೋಪು ಸುವಾಸನೆಯಿಲ್ಲದ್ದಾಗಿರಲಿ, ಕಂಫರ್ಟ್ ಥರದ ದ್ರವ ಬೇಡವೇ ಬೇಡ. ಎಲ್ಲ ಚೀಲಗಳನ್ನೂ ಒಂದೇ ದಿನ ಒಗೆಯಬೇಡಿ. ತಮ್ಮ ವಾಸನೆ ಪೂರ್ತಿ ಮಾಯವಾದರೆ ಅವು ಕಂಗಾಲಾಗುತ್ತವೆ. ಒಂದು ಹಳೆಯದು, ಒಂದು ಒಗೆದದ್ದು, ಹೀಗೆ ಬದಲಿಸುತ್ತ ಹೋಗಿ.

ಬಟ್ಟೆ ಬೀರುವಿನ ಡಾಂಬರು ಗುಳಿಗೆ, ಸೊಳ್ಳೆ ಬತ್ತಿ, ಅಗರಬತ್ತಿ, ನಾಯಿಯ ಉಣುಗಿಗೆ ಹಾಕುವ ಪುಡಿ ಮತ್ತು ಸ್ಪ್ರೇ ಇರುವ ಕೋಣೆಯಲ್ಲಿ ಕೇಜ್ ಇಡಬಾರದು. ನಾಯಿಗೆ ಔಷಧಿ ಹಚ್ಚಿದ ಕೈ ತೊಳೆಯದೆ ಗ್ಲೈಡರ್ ಮುಟ್ಟಬಾರದು. ಅಡಿಕೆ ಬೇಯಿಸುವ ದಿನಗಳಲ್ಲಿ ಅಂಗಳದ ಹೊಗೆ ಒಳಗೆ ಬರುವ ಕಡೆಯಿಂದಲೂ ಕೇಜನ್ನು ಸರಿಸಿ.

ಇವಕ್ಕೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ 15ರ ಹತ್ತಿರಕ್ಕೆ ಇಳಿಯುವುದು ಹೊಸದಲ್ಲ. ಚಳಿ ಹೆಚ್ಚಾದರೆ ಗ್ಲೈಡರ್ ಜಡವಾಗಿ ಮರಗಟ್ಟಿದಂತೆ ಮಲಗುತ್ತದೆ, ಸತ್ತೇಹೋಯಿತೆಂದು ಜನ ಅಳುವುದೂ ಉಂಟು. ಎದೆಗೆ ಒತ್ತಿ ನಿಧಾನಕ್ಕೆ ಬೆಚ್ಚಗೆ ಮಾಡಿ. ಬೆಳಕಿಲ್ಲದೆ ಕಾವು ಕೊಡುವ ಸೆರಾಮಿಕ್ ಹೀಟರನ್ನು ಕೇಜಿನ ಹೊರಗೆ, ಪ್ರಾಣಿಯ ಕೈಗೆ ಎಟುಕದಂತೆ ಕಟ್ಟಬಹುದು. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಕೇಜಿನ ಹೊರಮೈಗೆ ಒರಗಿಸಿ.

ಇನ್ನು ಕೊಂಬೆಗಳು. ಪೇರಲೆ ಕೊಂಬೆ ಒಳ್ಳೆಯದು. ಗೇರು, ಕೇರು, ಮಾವು ಬೇಡ. ಮೂರೂ ಒಂದೇ ಕುಟುಂಬದ ಮರ, ಸೊನೆ ತಾಗಿದರೆ ನಮ್ಮ ಚರ್ಮವೇ ಗುಳ್ಳೆ ಏಳುತ್ತದೆ. ಕಣಗಿಲೆ ವಿಷ. ಕಾಡಿನಿಂದ ಕೊಂಬೆ ಕಡಿದು ನೇರ ಒಳಗೆ ತರಬೇಡಿ, ಉಣುಗು ಬರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ ಎಂಬುದು ನಮ್ಮವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಅದರ ಭಯ ಇರುವುದು ಗ್ಲೈಡರ್‌ಗಿಂತ ಹೆಚ್ಚಾಗಿ ಕೊಂಬೆ ತಂದವರಿಗೆ. ಹಿತ್ತಲಿನ ಪೇರಲೆಯನ್ನೇ ಕಡಿದು, ಕುದಿನೀರು ಸುರಿದು, ಉಜ್ಜಿ, ಒಣಗಿಸಿ ಹಾಕಿ. ಬೋರ್ಡೋ ಅಥವಾ ಬೇರೆ ಔಷಧಿ ಹೊಡೆದ ತೋಟದ ಅಂಚಿನ ಗಿಡವಾಗಿದ್ದರೆ ಅದೂ ಬೇಡ.

ಹಂತ 6: ಒಂಟಿತನ

ಕಾಡಿನಲ್ಲಿ ಇವು ಒಂದೇ ಪೊಟರೆಯಲ್ಲಿ ಗುಂಪಾಗಿ ಮಲಗುವ ಜೀವ. ಒಂಟಿಯಾಗಿ ಸಾಕಿದ ಗ್ಲೈಡರ್ ತನ್ನ ಮೈಯನ್ನೇ ಕಿತ್ತುಕೊಳ್ಳುತ್ತಿದ್ದರೆ, ಮತ್ತು ವೈದ್ಯರು ನೋವು, ಸೋಂಕು ಏನೂ ಇಲ್ಲ ಎಂದಿದ್ದರೆ, ಉತ್ತರ ಎದುರಿಗೇ ಇದೆ. ‘ನಾವು ದಿನಾ ಎರಡು ಗಂಟೆ ಆಡಿಸ್ತೀವಲ್ಲ’ ಎನ್ನುವವರಿಗೆ ನನ್ನ ಮರುಪ್ರಶ್ನೆ: ಬೆಳಗಿನ ಜಾವ ಮೂರಕ್ಕೆ ಅದರ ಜೊತೆ ಯಾರಿರುತ್ತಾರೆ?

ಆದರೆ ಇನ್ನೊಂದನ್ನು ತಂದು ಅದೇ ಸಂಜೆ ಕೇಜಿಗೆ ಬಿಟ್ಟರೆ ಕಾದಾಟ ಖಚಿತ. ಹೊಸದನ್ನು 30 ದಿನ ಬೇರೆ ಕೋಣೆಯಲ್ಲಿಟ್ಟು, ಮಲ ಪರೀಕ್ಷೆ ಮಾಡಿಸಿ. ಆಮೇಲೆ ಎರಡು ಕೇಜ್‌ಗಳನ್ನು ಕೈ ಚಾಚಿದರೂ ಸಿಗದಷ್ಟು ದೂರದಲ್ಲಿ ಅಕ್ಕಪಕ್ಕ ಇಡಿ. ಚೀಲಗಳನ್ನು ಅದಲು ಬದಲು ಮಾಡಿ. ಇದರದು ಅದಕ್ಕೆ, ಅದರದು ಇದಕ್ಕೆ. ವಾಸನೆಗೆ ಸಿಡುಕದಿದ್ದರೆ, ಇಬ್ಬರಿಗೂ ಹೊಸದಾದ ಜಾಗದಲ್ಲಿ, ಬಾಗಿಲು ಮುಚ್ಚಿದ ಬಚ್ಚಲು ಮನೆಯಾದರೂ ಸರಿ, ನೀವು ಕೂತಿರುವಾಗ ಸೇರಿಸಿ. ಕಿರುಚಾಟ, ಸಣ್ಣ ಅಟ್ಟಾಟ ಇರುತ್ತದೆ. ಉಂಡೆಯಾಗಿ ಕಚ್ಚಿಕೊಂಡು ಉರುಳಿದರೆ ಬೇರ್ಪಡಿಸಿ, ವಾರ ಬಿಟ್ಟು ನೋಡಿ. ಬೀಜ ತೆಗೆಸದ ಎರಡು ಗಂಡುಗಳನ್ನು ಸೇರಿಸುವ ಯೋಚನೆಯೇ ಬೇಡ. ಗಂಡು ಹೆಣ್ಣಾದರೆ ಗಂಡಿಗೆ ಮೊದಲೇ ಶಸ್ತ್ರಚಿಕಿತ್ಸೆ ಆಗಲಿ, ಇಲ್ಲವಾದರೆ ಮರಿಗಳ ಲೆಕ್ಕ ಕೈ ತಪ್ಪುತ್ತದೆ. ಆ ಶಸ್ತ್ರಚಿಕಿತ್ಸೆಯ ಹೊಲಿಗೆಯನ್ನೇ ಇವು ಕಚ್ಚಿ ಬಿಚ್ಚುವುದುಂಟು. ಗ್ಲೈಡರ್‌ಗೆ ಮಾಡಿ ಅನುಭವವಿದೆಯೇ, ನೋವಿಗೆ ಏನು ಕೊಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ.

ಜೊತೆಗಾರನೇ ಕೀಳುತ್ತಿದ್ದರೆ ಕೇಜ್ ಚಿಕ್ಕದಾಗಿರಬಹುದು. ಒಂದು ಜೋಡಿಗೆ 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 90 ಎತ್ತರ ಕನಿಷ್ಠ. ಕಂಬಿಗಳ ನಡುವೆ ಒಂದೂಕಾಲು ಸೆಂಟಿಮೀಟರಿಗಿಂತ ಹೆಚ್ಚು ಸಂದು ಬೇಡ. ಎರಡು ತಟ್ಟೆ, ಎರಡು ಚೀಲ, ನಡುವೆ ಕಡ್ಡಿಯಿಲ್ಲದ ಚಕ್ರ ಇರಲಿ. ನಡುಗಡ್ಡಿ ಇರುವ ಚಕ್ರಕ್ಕೆ ಬಾಲ ಸುತ್ತಿಕೊಳ್ಳುತ್ತದೆ.

ಹಂತ 7: ತಟ್ಟೆ

ನಮ್ಮಲ್ಲಿ ಗ್ಲೈಡರ್ ತಿನ್ನುವುದು ಬಾಳೆಹಣ್ಣು, ಮತ್ತೆ ಬಾಳೆಹಣ್ಣು. ನೂರು ಗ್ರಾಂ ಬಾಳೆಯಲ್ಲಿ ಸುಮಾರು 5 ಮಿಲಿಗ್ರಾಂ ಕ್ಯಾಲ್ಸಿಯಂ, 22 ಮಿಲಿಗ್ರಾಂ ರಂಜಕ. ಇವಕ್ಕೆ ಬೇಕಿರುವುದು ತಿರುವುಮುರುವು: ರಂಜಕದ ಎರಡು ಪಟ್ಟಿನಷ್ಟು ಕ್ಯಾಲ್ಸಿಯಂ. ಪಪ್ಪಾಯಿಯಲ್ಲಿ ಸುಮಾರು 20ಕ್ಕೆ 10, ತಾಜಾ ಅಂಜೂರದಲ್ಲಿ 35ಕ್ಕೆ 14. ಕ್ಯಾಲ್ಸಿಯಂ ಕೊರತೆ ಮೊದಲು ತೋರುವುದು ಮೂಳೆಯಲ್ಲಿ, ಹಿಂಗಾಲಿನ ಶಕ್ತಿಯಲ್ಲಿ. ಒಟ್ಟಾರೆ ಪೋಷಣೆ ಕೆಟ್ಟರೆ ತುಪ್ಪಳವೂ ಕೆಡುತ್ತದೆ. ಹಣ್ಣು ತಟ್ಟೆಯ ಒಂದು ಭಾಗ ಮಾತ್ರ.

ಮೃಗಾಲಯಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಲೆಡ್‌ಬೀಟರ್ ಮಿಶ್ರಣ ಮನೆಯಲ್ಲೂ ಆಗುತ್ತದೆ. ಬೆಚ್ಚಗಿನ ನೀರು 150 ಮಿಲಿಲೀಟರ್, ಜೇನುತುಪ್ಪ 150 ಮಿಲಿಲೀಟರ್, ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆ 1, ಮಕ್ಕಳ ಡಬ್ಬಿ ಸೀರಿಯಲ್ 25 ಗ್ರಾಂ, ವೈದ್ಯರು ಹೇಳಿದ ವಿಟಮಿನ್ ಮತ್ತು ಖನಿಜದ ಪುಡಿ ಒಂದು ಟೀ ಚಮಚ. ಎಲ್ಲವನ್ನೂ ಮಿಕ್ಸಿಯಲ್ಲಿ ತಿರುವಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯುವ ಭಾಗವನ್ನು ಫ್ರೀಜರಿಗೆ ಹಾಕಿ. ಇದರ ಜೊತೆ ಕ್ಯಾಲ್ಸಿಯಂ ಪುಡಿ ಸವರಿದ ಸಾಕಿದ ಮಿಡತೆ, ಮೀಲ್‌ವರ್ಮ್ ಬೇಕು. ಗದ್ದೆಯ ಮಿಡತೆ ಹಿಡಿದು ಕೊಡಬೇಡಿ, ಯಾವ ಗದ್ದೆಗೆ ಏನು ಹೊಡೆದಿದ್ದಾರೋ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಕಾಫಿ ಯಾವುದೂ ಸಲ್ಲದು.

ಮೊಟ್ಟೆ, ಹುಳು ಎಂದ ಕೂಡಲೇ ಎಷ್ಟೋ ಮನೆಗಳಲ್ಲಿ ಮಾತು ನಿಲ್ಲುತ್ತದೆ. ಅಡುಗೆಮನೆಗೆ ತರಬೇಡಿ, ಪಡಸಾಲೆಯ ಮೂಲೆಯಲ್ಲಿ ಬೇರೆ ಪಾತ್ರೆ, ಬೇರೆ ಸಣ್ಣ ಮಿಕ್ಸಿ ಇಟ್ಟುಕೊಳ್ಳಿ. ಅದೂ ಒಪ್ಪಿಗೆಯಿಲ್ಲದ ಮನೆಗೆ ಗ್ಲೈಡರ್ ತರಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಗಿಳಿಗೋ ಮೊಲಕ್ಕೋ ಆ ತೊಂದರೆಯಿಲ್ಲ. ಒಂದು ವಿಚಿತ್ರ ನೋಡಿ: ಇವುಗಳ ಮೂಲ ಆಹಾರವೇ ನೀಲಗಿರಿಯ ರಸ, ಅಕೇಶಿಯಾದ ಅಂಟು. ಆ ಆಸ್ಟ್ರೇಲಿಯಾದ ಮರಗಳೇ ನಮ್ಮ ಗುಡ್ಡಗಳ ತುಂಬ ನೆಡುತೋಪಾಗಿ ನಿಂತಿವೆ. ಹಾಗೆಂದು ರಸ್ತೆ ಬದಿಯ ಮರದ ಅಂಟು ಕೆರೆದು ತರಬೇಡಿ.

ಹಂತ 8: ವೈದ್ಯರ ಬಳಿ

ತಾಲೂಕಿನ ಪಶು ಆಸ್ಪತ್ರೆಯ ವೈದ್ಯರ ಕೈ ಪಳಗಿರುವುದು ದನ, ಎಮ್ಮೆ, ನಾಯಿಯಲ್ಲಿ. ಫೋನಿನಲ್ಲೇ ‘ಸರ್, ಗ್ಲೈಡರ್ ನೋಡ್ತೀರಾ?’ ಎಂದು ಕೇಳಿ ಹೊರಡಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವವರು ಸಿಗುತ್ತಾರೆ. ಅವರ ಜೊತೆ ಹತ್ತಿರದ ವೈದ್ಯರು ಫೋನಿನಲ್ಲಿ ಮಾತನಾಡಿ ಚಿಕಿತ್ಸೆ ಕೊಟ್ಟರೂ ನಡೆಯುತ್ತದೆ. ಪ್ರಯಾಣ ಹಗಲಿನಲ್ಲೇ ಇರಲಿ. ಜಿಪ್ ಇರುವ ಚೀಲದಲ್ಲಿ ಮಲಗಿಸಿ ಅಂಗಿಯೊಳಗೆ ಇಟ್ಟುಕೊಳ್ಳಿ, ಜೊತೆಗೊಂದು ಹೋಳು ಸೌತೆಕಾಯಿ. ಮಲದ ಹೊಸ ಮಾದರಿ ಡಬ್ಬಿಯಲ್ಲಿ, ತೂಕದ ಪಟ್ಟಿ, ಫೋಟೊ, ರಾತ್ರಿಯ ವಿಡಿಯೊ, ತಿನ್ನಿಸುವ ಪದಾರ್ಥಗಳ ಹೆಸರು ಒಯ್ಯಿರಿ.

ಚರ್ಮ ಕೆರೆದು ನೋಡುವುದು, ಕೂದಲಿನ ಪರೀಕ್ಷೆ, ಶಿಲೀಂಧ್ರದ ಕಲ್ಚರ್, ಮಲ ಮತ್ತು ಮೂತ್ರದ ಪರೀಕ್ಷೆ ಆಗಲಿ ಎಂದು ನೀವೇ ಕೇಳಬಹುದು. ಏನನ್ನೂ ನೋಡದೆ ಮುಲಾಮು ಬರೆದರೆ ಯಾಕೆಂದು ಕೇಳಿ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಕೊಡುವ, ಸ್ಟಿರಾಯ್ಡ್ ಬೆರೆಸಿದ ಮನುಷ್ಯರ ಮುಲಾಮು ಇದಕ್ಕೆ ಹಚ್ಚಲೇಬಾರದು. ಕೆಂಪು ಮಾಯವಾಗುತ್ತದೆ, ಹುಳುಕಡ್ಡಿ ಒಳಗೊಳಗೇ ಹಬ್ಬುತ್ತದೆ, ನೆಕ್ಕಿದ ಸ್ಟಿರಾಯ್ಡ್ ಹೊಟ್ಟೆಗೂ ಹೋಗುತ್ತದೆ. ನಾಯಿ ಬೆಕ್ಕಿನ ಉಣುಗಿನ ಹನಿ ಔಷಧಿಗೂ ಇದೇ ಮಾತು. ಸ್ನಾನವೂ ಬೇಡ.

ಹಂತ 9: ಕೂದಲು ಮರಳುವ ಕಾಲ

ಕಾರಣ ಸರಿಹೋದ ಮೇಲೆ ಕೆಲವು ವಾರಗಳಲ್ಲಿ ಬೋಳಿನ ಮೇಲೆ ನಯವಾದ ಬೂದು ರೋಮ ಕಾಣಿಸುತ್ತದೆ. ಪೂರ್ತಿ ತುಪ್ಪಳ ಬರಲು ತಿಂಗಳುಗಳೇ ಹಿಡಿಯಬಹುದು. ಈ ನಡುವೆ ವಾರಕ್ಕೊಂದರಂತೆ ಆಹಾರ, ಕೇಜ್, ಚೀಲ, ಜಾಗ ಎಲ್ಲವನ್ನೂ ಬದಲಿಸುತ್ತ ಹೋದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ, ಪ್ರಾಣಿಗೂ ಹೊಸ ಒತ್ತಡ. ಒಂದು ಬದಲಾವಣೆ ಮಾಡಿ, ಎರಡು ವಾರ ನೋಡಿ, ಆಮೇಲೆ ಮುಂದಿನದು. ನೋವು, ಸೋಂಕಿನ ಚಿಕಿತ್ಸೆ ಮಾತ್ರ ಈ ಸರದಿಗೆ ಕಾಯಬಾರದು.

ಆಳವಾಗಿ ಕಚ್ಚಿಕೊಂಡ ಬಾಲದ ತುದಿಯಲ್ಲಿ ಕೂದಲು ಮರಳದೇ ಇರಬಹುದು. ಸತ್ತ ತುದಿಯನ್ನು ಕತ್ತರಿಸಬೇಕಾಗಿ ಬಂದರೆ ಒಪ್ಪಿಕೊಳ್ಳಿ, ಮೋಟು ಬಾಲದಲ್ಲೂ ಅವು ಹೊಂದಿಕೊಂಡು ಬದುಕುತ್ತವೆ. ಒಮ್ಮೆ ತನ್ನ ಮೈ ಕಚ್ಚಿಕೊಂಡ ಪ್ರಾಣಿ ಇನ್ನೊಮ್ಮೆ ಶುರುಮಾಡುವ ಸಾಧ್ಯತೆ ಇರುವುದರಿಂದ, ಕೂದಲು ತುಂಬಿದ ಮೇಲೂ ತೂಕ ಬರೆಯುವುದನ್ನೂ ತಿಂಗಳಿಗೊಂದು ರಾತ್ರಿಯ ವಿಡಿಯೊವನ್ನೂ ಬಿಡಬೇಡಿ. ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಹಳೆಯ ಚೀಲಗಳನ್ನು ಬಿಸಿಲಿಗೆ ಹಾಕಿ, ನೂಲು ಬಿಟ್ಟಿದ್ದನ್ನು ಎಸೆದು, ಹೊಸದನ್ನು ಹೊಲಿಸಿಟ್ಟುಕೊಳ್ಳಿ. ಜುಲೈನಲ್ಲಿ ಹೊಲಿಸಿದರೆ ಅದನ್ನು ಒಗೆದು ಒಣಗಿಸಲು ಬಿಸಿಲು ಸಿಗುವುದಿಲ್ಲ.